ಕೋಶದೊಳಗಿನ ಕಾವಲು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ನದಿಗಳ ನಡುವಣ ಎಡೆದೊರೆ ನಾಡು ಶತಮಾನಗಳ ಕಾಲ ಅರಸರ ಕಾದಾಟಕ್ಕೆ ಕಣವಾಗಿತ್ತು. ಆ ನಾಡಿಗೆ ಹೆಬ್ಬಾಗಿಲಿನಂತಿದ್ದುದು ರಾಯಚೂರಿನ ಕೋಟೆ. ಅದಕ್ಕೆ ಎರಡು ಸುತ್ತಿನ ಗೋಡೆಗಳುಂಟು. ಒಳಸುತ್ತಿನ ಗೋಡೆಯನ್ನು ಕಾಕತೀಯರ ಅಧಿಕಾರಿಯಾದ ಗೋರೆ ಗಂಗಯ್ಯ ರೆಡ್ಡಿಯು 1294ರಲ್ಲಿ ಕಟ್ಟಿಸಿದನೆಂದು ಅಲ್ಲಿಯ ಉದ್ದನೆಯ ಬಂಡೆಗಲ್ಲಿನ ಶಾಸನ ಸಾರುತ್ತದೆ. ಗಾರೆಯಿಲ್ಲದೆ ಒಂದರ ಮೇಲೊಂದನ್ನು ಕೂಡಿಸಿ ನಿಲ್ಲಿಸಿದ ಆ ದೊಡ್ಡ ಕಲ್ಲುಗಳು ನೋಡುವವರನ್ನು ಇಂದಿಗೂ ಬೆರಗುಗೊಳಿಸುತ್ತವೆ. ಹೊರಸುತ್ತಿನ ಗೋಡೆ ಅನಂತರದ ಕಾಲದ್ದು. 1520ರಲ್ಲಿ ಕೃಷ್ಣದೇವರಾಯನ ಸೈನ್ಯ ಈ ಕೋಟೆಯನ್ನು ಮುತ್ತಿದಾಗ ಸೈನಿಕರು ಗೋಡೆಯ ಕಲ್ಲುಗಳನ್ನೇ ಕೀಳತೊಡಗಿದರೆಂದು ಇತಿಹಾಸ ಹೇಳುತ್ತದೆ.

ಕೋಟೆಯ ಗೋಡೆ ಎಷ್ಟೇ ಭದ್ರವಾಗಿರಲಿ, ಅದು ತಡೆಯುವುದು ಹೊರಗಿರುವ ವೈರಿಯನ್ನು ಮಾತ್ರ. ವೈರಿಯು ಹೇಗೋ ಒಳನುಸುಳಿ, ಊರೊಳಗಿನ ಒಂದು ಮನೆಯನ್ನು ಹೊಕ್ಕು, ಅಲ್ಲಿಯ ಕೋಣೆಯಲ್ಲಿ ಅಡಗಿ ಕುಳಿತು, ಆ ಮನೆಯ ಅನ್ನವನ್ನೇ ಉಂಡು ಬಲಿಯತೊಡಗಿದರೆ ಗತಿಯೇನು? ಬುರುಜಿನ ಮೇಲಿನ ಫಿರಂಗಿ ಅವನನ್ನು ಮುಟ್ಟಲಾರದು. ಬೀದಿಯಲ್ಲಿ ಗಸ್ತು ತಿರುಗುವ ಕಾವಲುಗಾರನಿಗೆ ಅವನು ಕಾಣಲಾರ. ಆಗ ಅವನನ್ನು ಹಿಡಿಯಬೇಕಾದವರು ಆ ಮನೆಯವರೇ.

ನಮ್ಮ ಶರೀರವೂ ಇಂಥ ಒಂದು ಕೋಟೆ. ಚರ್ಮ ಅದರ ಹೊರಗೋಡೆ. ಕಣ್ಣೀರು, ಎಂಜಲು, ಜಠರದ ಆಮ್ಲ ಇವೆಲ್ಲ ಬಾಗಿಲ ಕಾವಲು. ಇವನ್ನು ದಾಟಿ ಬಂದ ಸೂಕ್ಷ್ಮಾಣುಗಳನ್ನು ರಕ್ತದಲ್ಲಿ ಸಂಚರಿಸುವ ಬಿಳಿಯ ಕಣಗಳೂ ಪ್ರತಿಕಾಯಗಳೆಂಬ ಪ್ರೋಟೀನುಗಳೂ ಎದುರಿಸುತ್ತವೆ. ಆದರೆ ಪ್ರತಿಕಾಯಗಳು ಸಂಚರಿಸುವುದು ಕೋಶಗಳ ಹೊರಗೆ. ಕೆಲವು ಬ್ಯಾಕ್ಟೀರಿಯಗಳು ಈ ಗುಟ್ಟನ್ನು ಅರಿತಂತೆ ನೇರವಾಗಿ ಜೀವಕೋಶದ ಒಳಗೇ ನುಗ್ಗಿ ಮನೆಮಾಡುತ್ತವೆ. ಕ್ಷಯ, ಕುಷ್ಠ, ವಿಷಮಶೀತಜ್ವರ ಇವುಗಳಿಗೆ ಕಾರಣವಾದ ಬ್ಯಾಕ್ಟೀರಿಯಗಳು ಈ ಜಾತಿಯವು. ವಿಷಮಶೀತಜ್ವರವನ್ನು ನಾವು ಟೈಫಾಯ್ಡ್ ಎಂದೂ ಕರೆಯುತ್ತೇವೆ. ಇಂಥ ಮನೆಹೊಕ್ಕ ವೈರಿಯನ್ನು ಕೋಶವು ತಾನೇ ಹಿಡಿದು ಕೊಲ್ಲುವ ಒಂದು ಉಪಾಯ ಉಂಟು. ಸೋಜಿಗವೆಂದರೆ ಆ ಉಪಾಯ ಯುದ್ಧದ ಉಪಾಯದಂತೆ ತೋರುವುದಿಲ್ಲ. ಮಿತವ್ಯಯದ ಗೃಹಿಣಿಯ ಮನೆವಾರ್ತೆಯಂತೆ ತೋರುತ್ತದೆ.

ಮಾನ್ವಿ, ದೇವದುರ್ಗಗಳ ಕಡೆಯ ಹಳ್ಳಿಗಳಲ್ಲಿ ಸೀರೆ ಹಳೆಯದಾಗಿ ಹರಿದರೆ ಅದನ್ನು ಎಸೆಯುವ ವಾಡಿಕೆಯಿಲ್ಲ. ಗಟ್ಟಿಯಾಗಿ ಉಳಿದ ಭಾಗಗಳನ್ನು ಕತ್ತರಿಸಿ, ಪದರದ ಮೇಲೆ ಪದರವಿಟ್ಟು, ಒತ್ತೊತ್ತಾಗಿ ಹೊಲಿದು ಕೌದಿ ಮಾಡುತ್ತಾರೆ. ಕೊಟ್ಟಿಗೆಯ ಕಸ ತಿಪ್ಪೆಯನ್ನು ಸೇರಿ, ಗೊಬ್ಬರವಾಗಿ ಮರಳಿ ಹೊಲಕ್ಕೆ ಹೋಗುತ್ತದೆ. ಹೊಸದನ್ನು ಕೊಳ್ಳಲು ಕೈಯಲ್ಲಿ ಹಣವಿಲ್ಲದ ವರ್ಷ ಈ ಹಳೆಯದರ ಬೆಲೆ ಇನ್ನೂ ಹೆಚ್ಚು. ಜೀವಕೋಶವೂ ಹೀಗೆಯೇ ಸಂಸಾರ ಮಾಡುತ್ತದೆ. ಅದರೊಳಗೆ ಪ್ರೋಟೀನುಗಳು ಸವೆಯುತ್ತವೆ; ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯಗಳು ಹಳೆಯವಾಗಿ ಕೆಡುತ್ತವೆ. ಇವನ್ನು ಕೋಶವು ಹೊರಗೆ ಚೆಲ್ಲುವ ಬದಲು ತಾನೇ ಜೀರ್ಣಿಸಿಕೊಂಡು, ಬಂದ ಸಾಮಗ್ರಿಯಿಂದ ಹೊಸದನ್ನು ಕಟ್ಟುತ್ತದೆ. ಹೊರಗಿನಿಂದ ಆಹಾರ ಸಾಲದೆ ಬಂದಾಗ ಈ ಕೆಲಸ ಮತ್ತಷ್ಟು ಚುರುಕಾಗುತ್ತದೆ. ತನ್ನದನ್ನು ತಾನೇ ತಿಂದು ಬಾಳುವ ಈ ಕ್ರಿಯೆಗೆ ವಿಜ್ಞಾನಿಗಳು ಆಟೊಫೇಜಿ ಎಂದು ಹೆಸರಿಟ್ಟಿದ್ದಾರೆ. ನಾವು ಇದನ್ನು ಸ್ವಭಕ್ಷಣೆ ಎನ್ನಬಹುದು.

ಸ್ವಭಕ್ಷಣೆ ಎಂಬ ಮಾತು ಕಿವಿಗೆ ಕಠೋರವಾಗಿದ್ದರೂ ಅದರ ಕೆಲಸ ಬಹಳ ಅಚ್ಚುಕಟ್ಟಾದುದು. ಕೋಶದ ಒಳಗೆ ಮೊದಲು ತೆಳುವಾದ ಒಂದು ಪೊರೆ ಹುಟ್ಟಿಕೊಳ್ಳುತ್ತದೆ. ಅದು ದೊನ್ನೆಯಂತೆ ಬಾಗುತ್ತ ಬೆಳೆದು, ತೆಗೆದುಹಾಕಬೇಕಾದ ವಸ್ತುವನ್ನು ಸುತ್ತುವರಿಯುತ್ತದೆ. ಕೊನೆಗೆ ಅದರ ಬಾಯಿ ಮುಚ್ಚಿ, ಎರಡು ಪದರದ ಒಂದು ಚೀಲವಾಗುತ್ತದೆ. ಈ ಚೀಲವು ಲೈಸೋಸೋಮ್ ಎಂಬ ಮತ್ತೊಂದು ಪುಟ್ಟ ಚೀಲದೊಡನೆ ಕೂಡಿಕೊಳ್ಳುತ್ತದೆ. ಲೈಸೋಸೋಮಿನ ಒಳಗೆ ಹುಳಿಯ ಗುಣವುಳ್ಳ ದ್ರವವೂ, ಪ್ರೋಟೀನು, ಕೊಬ್ಬು, ಸಕ್ಕರೆಗಳನ್ನು ಕತ್ತರಿಸಬಲ್ಲ ಹಲವಾರು ಬಗೆಯ ಕಿಣ್ವಗಳೂ ಇರುತ್ತವೆ. ಎರಡೂ ಕೂಡಿದೊಡನೆ ಒಳಗಿನ ವಸ್ತು ಚೂರುಚೂರಾಗಿ ಕರಗುತ್ತದೆ. ಕರಗಿದುದು ಮರಳಿ ಕೋಶಕ್ಕೆ ಆಹಾರವಾಗುತ್ತದೆ.

ಲೈಸೋಸೋಮನ್ನು ಕಂಡುಹಿಡಿದವರು ಬೆಲ್ಜಿಯಂ ದೇಶದ ವಿಜ್ಞಾನಿ ಕ್ರಿಶ್ಚಿಯನ್ ದ ದುವ್. ಅದು 1955ರ ಮಾತು. ಆಟೊಫೇಜಿ ಎಂಬ ಹೆಸರನ್ನು 1963ರಲ್ಲಿ ಬಳಕೆಗೆ ತಂದವರೂ ಅವರೇ. 1974ರಲ್ಲಿ ಅವರು ಇತರ ಇಬ್ಬರೊಡನೆ ನೊಬೆಲ್ ಬಹುಮಾನ ಪಡೆದರು. ಆದರೆ ಈ ಕ್ರಿಯೆ ಯಾವ ಜೀನುಗಳ ಅಪ್ಪಣೆಯಿಂದ ನಡೆಯುತ್ತದೆಂಬುದು ಬಹುಕಾಲ ಮರೆಯಲ್ಲಿಯೇ ಇತ್ತು. ಆ ತೆರೆಯನ್ನು ಸರಿಸಿದವರು ಜಪಾನಿನ ಯೋಶಿನೋರಿ ಓಸುಮಿ. ಅವರು ಆರಿಸಿಕೊಂಡುದು ಹಿಟ್ಟನ್ನು ಹುದುಗಿಸುವ ಸಾಮಾನ್ಯ ಯೀಸ್ಟನ್ನು. ಜೀರ್ಣಿಸುವ ಕಿಣ್ವಗಳ ಕೊರತೆಯಿದ್ದ ಯೀಸ್ಟ್ ಕೋಶಗಳನ್ನು ಅವರು ಉಪವಾಸ ಕೆಡವಿದರು. ಹಸಿವಿನಿಂದ ಸ್ವಭಕ್ಷಣೆ ಮೊದಲಾಯಿತು. ಆದರೆ ಕಿಣ್ವಗಳಿಲ್ಲದ ಕಾರಣ ತಿಂದದ್ದು ಕರಗಲಿಲ್ಲ. ಕರಗದ ಉಂಡೆಗಳು ಕೋಶದೊಳಗೆ ಗುಂಪಾಗಿ ಸೇರಿದ್ದು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಂಡಿತು. ಕಣ್ಣಿಗೆ ಕಂಡ ಮೇಲೆ, ಯಾವ ಜೀನು ಕೆಟ್ಟರೆ ಆ ಉಂಡೆಗಳು ಕಾಣದೆ ಹೋಗುತ್ತವೆಂದು ಹುಡುಕುವುದು ಸಾಧ್ಯವಾಯಿತು. 1993ರ ಹೊತ್ತಿಗೆ ಅವರೂ ಅವರ ವಿದ್ಯಾರ್ಥಿಗಳೂ ಅಂಥ ಜೀನುಗಳ ಮೊದಲ ಪಟ್ಟಿಯನ್ನು ಸಿದ್ಧಪಡಿಸಿದರು. ಮನುಷ್ಯನ ಕೋಶಗಳಲ್ಲಿಯೂ ಅವುಗಳ ಸೋದರ ಜೀನುಗಳಿರುವುದು ಮುಂದೆ ತಿಳಿಯಿತು. 2016ರ ನೊಬೆಲ್ ಬಹುಮಾನ ಓಸುಮಿ ಅವರಿಗೆ ಸಂದಿತು.

ಇಷ್ಟರವರೆಗೆ ನಾವು ನೋಡಿದ್ದು ಮನೆಯ ಕಸ ತೆಗೆಯುವ ಕೆಲಸ. ಇದೇ ಕೈ ವೈರಿಯ ಕುತ್ತಿಗೆಯನ್ನೂ ಹಿಡಿಯುತ್ತದೆಂಬುದು ಹೇಗೆ ತಿಳಿದುಬಂತು? 2004ರಲ್ಲಿ ಎರಡು ಕಡೆಗಳಿಂದ ಈ ಸುದ್ದಿ ಬಂತು. ಜಪಾನಿನಲ್ಲಿ ತಮೋತ್ಸು ಯೋಶಿಮೋರಿ ಮತ್ತು ಅವರ ಸಂಗಡಿಗರು ಗಂಟಲುಬೇನೆಯನ್ನು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯವು ಕೋಶದೊಳಗೆ ನುಗ್ಗಿದಾಗ ಸ್ವಭಕ್ಷಣೆಯ ಚೀಲವು ಅದನ್ನು ಸುತ್ತುವರಿದು ಕೊಲ್ಲುವುದನ್ನು ಕಂಡರು. ಅಮೆರಿಕದಲ್ಲಿ ವೋಯೊ ಡೆರೆಟಿಕ್ ಮತ್ತು ಅವರ ಸಂಗಡಿಗರು ಕ್ಷಯದ ಬ್ಯಾಕ್ಟೀರಿಯ ಹೊಕ್ಕಿದ್ದ ಕೋಶಗಳನ್ನು ಹಸಿವಿಗೆ ಒಡ್ಡಿ, ಸ್ವಭಕ್ಷಣೆಯನ್ನು ಚುರುಕುಗೊಳಿಸಿದರು. ಅಲ್ಲಿಯವರೆಗೆ ನಿಶ್ಚಿಂತೆಯಿಂದಿದ್ದ ಬ್ಯಾಕ್ಟೀರಿಯಗಳು ಲೈಸೋಸೋಮಿನ ಪಾಲಾಗತೊಡಗಿದವು. ಹೊರಗಿನಿಂದ ಬಂದ ಜೀವಿಯನ್ನು ಹೀಗೆ ಹಿಡಿದು ಜೀರ್ಣಿಸುವುದಕ್ಕೆ ಕ್ಸೆನೊಫೇಜಿ, ಅಂದರೆ ಪರಕೀಯ ಭಕ್ಷಣೆ, ಎಂಬ ಹೆಸರು ಬಂತು.

ಈಗ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಕೋಶಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಕೋಶದ ಅಗಲ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಅಥವಾ ಎರಡು ಭಾಗದಷ್ಟು. ಅಷ್ಟು ಸಣ್ಣ ಜಾಗದಲ್ಲಿ ತನ್ನದೇ ನೂರಾರು ಮೈಟೊಕಾಂಡ್ರಿಯಗಳು ತುಂಬಿಕೊಂಡಿರುತ್ತವೆ. ಗಾತ್ರದಲ್ಲಿ ಅವು ಬ್ಯಾಕ್ಟೀರಿಯಗಳನ್ನೇ ಹೋಲುತ್ತವೆ. ಹಾಗಿರುವಲ್ಲಿ ಇದು ನನ್ನದು, ಇದು ಪರರದು ಎಂದು ಕೋಶ ಅರಿಯುವುದಾದರೂ ಹೇಗೆ?

ಇದನ್ನು ತಿಳಿಯಲು ವಿಷಮಶೀತಜ್ವರದ ದಾರಿಯನ್ನು ನೋಡೋಣ. ಈ ಜ್ವರಕ್ಕೆ ಕಾರಣ ಸಾಲ್ಮೊನೆಲ್ಲ ಟೈಫಿ ಎಂಬ ಬ್ಯಾಕ್ಟೀರಿಯ. ರೋಗಿಯ ಮಲದಿಂದ ಕೆಟ್ಟ ನೀರಿನಲ್ಲಿಯೋ ಆಹಾರದಲ್ಲಿಯೋ ಸೇರಿ ಅದು ಇನ್ನೊಬ್ಬರ ಬಾಯನ್ನು ಸೇರುತ್ತದೆ. ಕರುಳಿನ ಒಳಪದರವನ್ನು ದಾಟಿ, ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳನ್ನು ಹೊಕ್ಕು, ಅವುಗಳನ್ನೇ ವಾಹನ ಮಾಡಿಕೊಂಡು ಯಕೃತ್ತು, ಗುಲ್ಮಗಳನ್ನು ತಲುಪುತ್ತದೆ. ಇದರ ಹತ್ತಿರದ ಬಂಧುವಾದ ಸಾಲ್ಮೊನೆಲ್ಲ ಟೈಫಿಮ್ಯೂರಿಯಂ ಎಂಬುದನ್ನು ಪ್ರಯೋಗಶಾಲೆಗಳಲ್ಲಿ ಹೆಚ್ಚಾಗಿ ಅಭ್ಯಾಸ ಮಾಡಿದ್ದಾರೆ. ಕೋಶವನ್ನು ಹೊಕ್ಕಾಗ ಈ ಬ್ಯಾಕ್ಟೀರಿಯ ಕೋಶದ ಹೊರಪೊರೆಯನ್ನೇ ಒಳಕ್ಕೆ ಎಳೆದುಕೊಂಡು ಒಂದು ಪುಟ್ಟ ಕೋಣೆಯಲ್ಲಿ ಕುಳಿತಿರುತ್ತದೆ. ಆ ಕೋಣೆಯ ಗೋಡೆ ಕೋಶದ ಸ್ವಂತ ಪೊರೆಯೇ ಆದುದರಿಂದ ಸಂಶಯಕ್ಕೆ ಆಸ್ಪದವಿಲ್ಲ. ಆದರೆ ಬ್ಯಾಕ್ಟೀರಿಯವು ಗೋಡೆಗೆ ಸೂಜಿಯಂಥ ತನ್ನ ಅಂಗವನ್ನು ಚುಚ್ಚಿದಾಗ ಒಮ್ಮೊಮ್ಮೆ ಗೋಡೆ ಬಿರಿಯುತ್ತದೆ. ಕಾವಲು ಎಚ್ಚರಗೊಳ್ಳುವುದು ಆಗಲೇ.

ಅದು ಹೇಗೆಂದರೆ, ಕೋಶದ ಹೊರಪೊರೆಯ ಹೊರಮೈಗೆ ಮಾತ್ರ ಕೆಲವು ಬಗೆಯ ಸಕ್ಕರೆಯ ಸರಗಳು ಅಂಟಿಕೊಂಡಿರುತ್ತವೆ. ಪೊರೆಯು ಒಳಕ್ಕೆ ಮಡಚಿ ಕೋಣೆಯಾದಾಗ ಆ ಹೊರಮೈ ಕೋಣೆಯ ಒಳಮೈಯಾಗುತ್ತದೆ. ಸಕ್ಕರೆಗಳು ಒಳಗೆ ಅಡಗುತ್ತವೆ. ಮನೆಯ ಒಳಗೋಡೆಗೆ ಬಳಿದ ಸುಣ್ಣ ಬೀದಿಯಲ್ಲಿ ನಿಂತವನಿಗೆ ಕಂಡರೆ ಗೋಡೆ ಒಡೆದಿದೆಯೆಂದೇ ಅರ್ಥವಲ್ಲವೆ? ಅಂತೆಯೇ ಈ ಸಕ್ಕರೆಗಳು ಕೋಶರಸದ ಕಡೆಗೆ ಕಂಡವೆಂದರೆ ಕೋಣೆ ಬಿರಿದಿದೆಯೆಂದು ಅರ್ಥ. ಕೋಶರಸದಲ್ಲಿ ತೇಲುತ್ತಿರುವ ಗ್ಯಾಲೆಕ್ಟಿನ್-8 ಎಂಬ ಪ್ರೋಟೀನು ಆ ಸಕ್ಕರೆಗಳನ್ನು ಕಂಡೊಡನೆ ಹೋಗಿ ಹಿಡಿಯುತ್ತದೆ. ಆಮೇಲೆ ಇನ್ನೊಂದು ಪ್ರೋಟೀನು ಬಂದು ಒಂದು ಕೈಯಿಂದ ಗ್ಯಾಲೆಕ್ಟಿನನ್ನೂ ಇನ್ನೊಂದು ಕೈಯಿಂದ ಸ್ವಭಕ್ಷಣೆಯ ಪೊರೆಯನ್ನೂ ಹಿಡಿದು ಎರಡನ್ನೂ ಹತ್ತಿರ ತರುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫೆಲಿಕ್ಸ್ ರಾಂಡೊ ಮತ್ತು ಅವರ ಸಂಗಡಿಗರು 2012ರಲ್ಲಿ ಈ ಗುಟ್ಟನ್ನು ಹೊರಗೆಡಹಿದರು.

ಬಿರಿದ ಕೋಣೆಯಿಂದ ಬ್ಯಾಕ್ಟೀರಿಯವು ಪೂರ್ತಿಯಾಗಿ ಹೊರಬಿದ್ದರೆ ಎರಡನೆಯ ಗುರುತು ಸಿದ್ಧವಾಗುತ್ತದೆ. ರಾಯಚೂರಿನ ಹತ್ತಿಯ ಪೇಟೆಯಲ್ಲಿ ಸಾಗಿಸಬೇಕಾದ ಬೇಲುಗಳ ಮೇಲೆ ಗುರುತು ಬರೆಯುವಂತೆ ಕೋಶವು ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಬ್ಯಾಕ್ಟೀರಿಯದ ಮೈಗೆ ಅಂಟಿಸುತ್ತದೆ. ಸವೆದುಹೋದ ತನ್ನ ಪ್ರೋಟೀನುಗಳಿಗೆ ಕೋಶವು ಹಾಕುವ ಗುರುತೂ ಇದೇ. ಗುರುತು ಬಿದ್ದುದನ್ನು ಸ್ವಭಕ್ಷಣೆಯ ಚೀಲ ಹುಡುಕಿ ಬರುತ್ತದೆ. ಇಂಥ ಗುರುತು ಪ್ರೋಟೀನುಗಳಿಗೆ ಮಾತ್ರ ಬೀಳುತ್ತದೆಂದು ಬಹುಕಾಲ ಎಣಿಸಲಾಗಿತ್ತು. ಸಾಲ್ಮೊನೆಲ್ಲದ ಹೊರಕವಚವು ಕೊಬ್ಬು ಮತ್ತು ಸಕ್ಕರೆಗಳಿಂದಾದುದು. ಆ ಕವಚದ ಮೇಲೂ ಕೋಶವು ಈ ಗುರುತನ್ನು ಹಾಕಬಲ್ಲದೆಂದು ಅದೇ ಕೇಂಬ್ರಿಜ್ ತಂಡ 2021ರಲ್ಲಿ ತೋರಿಸಿತು. ಮನೆಯ ಹಳೆಯ ಸಾಮಾನಿಗೆ ಗುರುತು ಹಾಕುವ ಕೈಯೇ ಕಳ್ಳನ ಬೆನ್ನಿಗೂ ಗುರುತು ಹಾಕುತ್ತದೆಂದಾಯಿತು.

ಆದರೆ ವೈರಿ ದಡ್ಡನಲ್ಲ. ಕೋಶವು ಎಷ್ಟು ಕಾಲದಿಂದ ಕಾವಲು ಕಾಯುತ್ತಿದೆಯೋ ಅಷ್ಟೇ ಕಾಲದಿಂದ ಬ್ಯಾಕ್ಟೀರಿಯವೂ ತಪ್ಪಿಸಿಕೊಳ್ಳುವ ವಿದ್ಯೆಯನ್ನು ಬೆಳೆಸಿಕೊಂಡಿದೆ. ಆಮಶಂಕೆಯನ್ನು ತರುವ ಶಿಗೆಲ್ಲ ಎಂಬ ಬ್ಯಾಕ್ಟೀರಿಯದ ಮೈಮೇಲೆ ಸ್ವಭಕ್ಷಣೆಯ ಪ್ರೋಟೀನು ಬಂದು ಹಿಡಿಯುವ ಒಂದು ತಾಣವಿದೆ. ಅದು ಆ ತಾಣಕ್ಕೆ ತನ್ನದೇ ಇನ್ನೊಂದು ಪ್ರೋಟೀನಿನ ಮುಸುಕು ಹಾಕಿ ಕಾಣದಂತೆ ಮಾಡುತ್ತದೆ. ಲೆಜಿಯೊನೆಲ್ಲ ಎಂಬುದು ಇನ್ನೂ ಕಟುವಾದ ದಾರಿ ಹಿಡಿಯುತ್ತದೆ. ಸ್ವಭಕ್ಷಣೆಯ ಪೊರೆಗೆ ಅಂಟಬೇಕಾದ ಪ್ರೋಟೀನನ್ನು ಮತ್ತೆ ಅಂಟದಂತೆ ಕತ್ತರಿಸಿಬಿಡುತ್ತದೆ. ಕ್ಷಯದ ಬ್ಯಾಕ್ಟೀರಿಯವಂತೂ ತಾನಿರುವ ಕೋಣೆ ಲೈಸೋಸೋಮಿನೊಡನೆ ಕೂಡದಂತೆ ತಡೆದು, ಭಕ್ಷಕ ಕೋಶದ ಹೊಟ್ಟೆಯಲ್ಲಿಯೇ ವರ್ಷಗಟ್ಟಲೆ ಬದುಕಬಲ್ಲದು.

ಸಾಲ್ಮೊನೆಲ್ಲದ ಜಾಣ್ಮೆಯನ್ನು ಬಯಲಿಗೆಳೆದವರಲ್ಲಿ ನಮ್ಮ ನಾಡಿನ ಸಂಶೋಧಕರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಶಿಖಾ ಚಕ್ರವರ್ತಿ ಮತ್ತು ಅವರ ವಿದ್ಯಾರ್ಥಿಗಳು 2010ರಲ್ಲಿ ಒಂದು ಸೊಗಸಾದ ಸಂಗತಿಯನ್ನು ಪ್ರಕಟಿಸಿದರು. ಕೋಶದೊಳಗೆ ಸಾಲ್ಮೊನೆಲ್ಲ ಒಂದು ಎರಡಾಗಿ ಒಡೆದಾಗ ಅದು ಕುಳಿತ ಕೋಣೆಯೂ ಎರಡಾಗಿ ಒಡೆಯುತ್ತದೆ. ಹೀಗೆ ಬ್ಯಾಕ್ಟೀರಿಯಗಳು ಹೆಚ್ಚಿದಷ್ಟೂ ಕೋಣೆಗಳೂ ಹೆಚ್ಚುತ್ತವೆ. ಅದರ ಜೊತೆಗೆ ಸೋಂಕು ತಗುಲಿದ ಕೋಶದಲ್ಲಿ ಹುಳಿಯುಳ್ಳ ಲೈಸೋಸೋಮುಗಳ ಸಂಖ್ಯೆಯೇ ಇಳಿದುಹೋಗುತ್ತದೆ. ಕಳ್ಳರು ಅಡಗಿದ ಕೋಣೆಗಳು ಹತ್ತಾರು, ಕಾವಲಿನವರು ಒಬ್ಬರೋ ಇಬ್ಬರೋ ಎಂಬಂತಾದ ಮೇಲೆ ಎಲ್ಲ ಕೋಣೆಗಳನ್ನೂ ಶೋಧಿಸುವುದು ಹೇಗೆ ಸಾಧ್ಯ?

ಹಾಗಾದರೆ ಕುಂದಿದ ಕಾವಲಿಗೆ ಮತ್ತೆ ಬಲ ತುಂಬಬಹುದೆ? ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಮತ್ತು ಅವರ ತಂಡ ಈ ದಾರಿಯಲ್ಲಿ ಕೆಲಸ ಮಾಡಿದೆ. ಸ್ವಭಕ್ಷಣೆಗೂ ಲೈಸೋಸೋಮುಗಳಿಗೂ ಬೇಕಾದ ಜೀನುಗಳನ್ನು ಒಟ್ಟಾಗಿ ಎಚ್ಚರಿಸುವ ಒಂದು ಯಜಮಾನ ಪ್ರೋಟೀನು ಕೋಶದಲ್ಲಿದೆ. ಸಾಲ್ಮೊನೆಲ್ಲವು ಅದನ್ನು ಮೂಲೆಗೊತ್ತಿ ಕೂರಿಸುತ್ತದೆ. ಕೆಲವು ಸಸ್ಯಗಳಲ್ಲಿ ದೊರೆಯುವ ಅಕಾಸಿಟಿನ್ ಎಂಬ ವಸ್ತುವನ್ನು ಕೊಟ್ಟಾಗ ಆ ಯಜಮಾನ ಮತ್ತೆ ಕೆಲಸಕ್ಕೆ ಬಂದು, ಕೋಶದೊಳಗಿನ ಬ್ಯಾಕ್ಟೀರಿಯಗಳು ಕಡಿಮೆಯಾದವೆಂದು ಅವರು 2020ರಲ್ಲಿ ಪ್ರಕಟಿಸಿದರು. ಇದು ಪ್ರಯೋಗಶಾಲೆಯ ಕೋಶಗಳಲ್ಲಿ ಕಂಡ ಫಲ. ಅಂಗಡಿಯಲ್ಲಿ ದೊರೆಯುವ ಔಷಧವಲ್ಲ. ಆದರೂ ಇದರ ಹಿಂದಿನ ವಿಚಾರ ಬಹಳ ಬೆಲೆಯುಳ್ಳದ್ದು. ಬ್ಯಾಕ್ಟೀರಿಯವನ್ನೇ ಕೊಲ್ಲುವ ಔಷಧಕ್ಕೆ ಬ್ಯಾಕ್ಟೀರಿಯ ಒಗ್ಗಿಹೋಗುವ ಅಪಾಯವುಂಟು. ಕೋಶದ ಕಾವಲನ್ನೇ ಬಲಪಡಿಸಿದರೆ ಆ ಅಪಾಯ ತಗ್ಗೀತೆಂಬುದು ವಿಜ್ಞಾನಿಗಳ ಆಶಯ.

ಇಲ್ಲಿ ಒಂದು ಎಚ್ಚರದ ಮಾತನ್ನು ಹೇಳಬೇಕು. ವಿಜ್ಞಾನದ ದಾರಿ ಯಾವಾಗಲೂ ನೇರವಾಗಿ ಹೋಗುವುದಿಲ್ಲ. ಸ್ವಭಕ್ಷಣೆಗೆ ಬೇಕಾದ ಹಲವು ಜೀನುಗಳನ್ನು ಇಲಿಗಳ ಭಕ್ಷಕ ಕೋಶಗಳಿಂದ ತೆಗೆದುಹಾಕಿದರೂ ಆ ಇಲಿಗಳು ಕ್ಷಯಕ್ಕೆ ಹೆಚ್ಚು ಸುಲಭವಾಗಿ ತುತ್ತಾಗಲಿಲ್ಲವೆಂದು 2015ರ ಪ್ರಯೋಗಗಳು ತೋರಿಸಿದವು. ಹಾಗೆಂದು ವಿಜ್ಞಾನಿಗಳು ಕೈಚೆಲ್ಲಲಿಲ್ಲ. 2023ರಲ್ಲಿ ಮನುಷ್ಯನ ಭಕ್ಷಕ ಕೋಶಗಳಿಂದ ಅಂಥ ಜೀನುಗಳನ್ನು ತೆಗೆದು ನೋಡಿದಾಗ ಕ್ಷಯದ ಬ್ಯಾಕ್ಟೀರಿಯ ಅಲ್ಲಿ ಹೆಚ್ಚು ಸಲೀಸಾಗಿ ಬೆಳೆಯಿತು. ಇಲಿಗೂ ಮನುಷ್ಯನಿಗೂ, ಒಂದು ಕೋಶಕ್ಕೂ ಇಡೀ ದೇಹಕ್ಕೂ ವ್ಯತ್ಯಾಸವುಂಟು. ಒಂದರಲ್ಲಿ ಕಂಡುದನ್ನು ಇನ್ನೊಂದರಲ್ಲಿಯೂ ಕಾಣುವವರೆಗೆ ತಾಳ್ಮೆ ಬೇಕು.

ಈ ಭೇದವನ್ನು ಮರೆತವರು ಬೇಗನೆ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಹಸಿವಿನಿಂದ ಸ್ವಭಕ್ಷಣೆ ಚುರುಕಾಗುತ್ತದೆ, ಸ್ವಭಕ್ಷಣೆಯಿಂದ ಬ್ಯಾಕ್ಟೀರಿಯ ಸಾಯುತ್ತದೆ. ಆದುದರಿಂದ ಉಪವಾಸವಿದ್ದರೆ ರೋಗ ಬಾರದು ಎಂಬ ಮಾತು ಇಂದು ಅಲ್ಲಲ್ಲಿ ಕೇಳಿಬರುತ್ತದೆ. ಇದು ಸರಿಯಲ್ಲ. ಗಾಜಿನ ತಟ್ಟೆಯಲ್ಲಿನ ಕೋಶವೊಂದು ಕೆಲವು ಗಂಟೆ ಹಸಿದಿರುವುದೇ ಬೇರೆ, ಮಗುವೊಂದು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿರುವುದೇ ಬೇರೆ. ಹಳೆಯ ಸೀರೆಯಿಂದ ಕೌದಿ ಹೊಲಿಯಬಹುದು, ನಿಜ. ಆದರೆ ಮನೆಗೆ ಹೊಸ ಸೀರೆ ಬಾರದೆಯೇ ಹೋದರೆ ಎಷ್ಟು ಕಾಲ ಹೊಲಿಯುತ್ತಾರೆ? ದೇಹಕ್ಕೆ ಅನ್ನ, ಬೇಳೆಗಳು ಬಾರದಿದ್ದರೆ ಕಾವಲಿನ ಕೋಶಗಳು ಹುಟ್ಟುವುದೇ ಕುಗ್ಗುತ್ತದೆ.

ಇದಕ್ಕೆ ದೊಡ್ಡ ಸಾಕ್ಷ್ಯವೊಂದು ನಮ್ಮ ದೇಶದಲ್ಲಿಯೇ ದೊರೆತಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಒಂದು ಅಧ್ಯಯನ ನಡೆಯಿತು. 2,800 ಕ್ಷಯರೋಗಿಗಳ ಮನೆಗಳಲ್ಲಿದ್ದ 10,345 ಜನ ಕುಟುಂಬದವರನ್ನು ಅದರಲ್ಲಿ ಗಮನಿಸಲಾಯಿತು. ರೋಗಿಗಳೆಲ್ಲರಿಗೂ ಪೌಷ್ಟಿಕ ಆಹಾರ ದೊರೆಯಿತು. ಮನೆಯ ಉಳಿದವರಿಗೂ ಅಕ್ಕಿ, ಬೇಳೆಗಳ ಪಡಿ ಕೊಟ್ಟದ್ದು ಒಂದು ಗುಂಪಿನ ಮನೆಗಳಲ್ಲಿ ಮಾತ್ರ. 2023ರಲ್ಲಿ ಫಲಿತಾಂಶ ಪ್ರಕಟವಾದಾಗ, ಮನೆಮಂದಿಗೆಲ್ಲ ಪಡಿ ದೊರೆತ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ಉಳಿದ ಮನೆಗಳಿಗಿಂತ ಸುಮಾರು 40 ಪಾಲು, ಅಂದರೆ ನೂರಕ್ಕೆ ನಲವತ್ತರಷ್ಟು, ಕಡಿಮೆಯಿತ್ತು. ಪ್ರಪಂಚದ ಕ್ಷಯರೋಗಿಗಳಲ್ಲಿ ನಾಲ್ಕರಲ್ಲಿ ಒಂದು ಪಾಲು ನಮ್ಮ ದೇಶದವರೇ ಆಗಿರುವಾಗ ಈ ಫಲಿತಾಂಶದ ತೂಕ ಎಷ್ಟೆಂಬುದನ್ನು ಊಹಿಸಬಹುದು.

ಕೋಶದ ಕಾವಲಿಗೆ ಒಂದು ಮಿತಿಯುಂಟು. ನುಗ್ಗಿದ ಕೆಲವು ಬ್ಯಾಕ್ಟೀರಿಯಗಳನ್ನು ಅದು ಹಿಡಿಯಬಲ್ಲದು; ಪ್ರವಾಹದಂತೆ ಬಂದರೆ ಸೋಲುತ್ತದೆ. ಆದುದರಿಂದ ಬರುವ ವೈರಿಗಳ ಸಂಖ್ಯೆಯನ್ನು ತಗ್ಗಿಸುವ ಹೊಣೆ ಹೊರಗಿರುವ ನಮ್ಮದು. ರಾಯಚೂರು ಜಿಲ್ಲೆಗೆ ನೀರಿನ ಬಡತನವಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಯ ಬಯಲನ್ನೂ, ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಹೊಲಗಳನ್ನೂ ತಣಿಸುತ್ತವೆ. ಆದರೆ ಹೊಲಕ್ಕೆ ಹರಿಯುವ ನೀರೆಲ್ಲ ಕುಡಿಯುವ ನೀರಲ್ಲ. 2022ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತವಾದ ನೀರನ್ನು ಕುಡಿದು ಅನೇಕರು ವಾಂತಿಭೇದಿಯಿಂದ ನರಳಿದರು. ಕೆಲವರು ಜೀವವನ್ನೇ ಕಳೆದುಕೊಂಡರು. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿಯೂ ಇಂಥದೇ ಸಂಕಟ ಒದಗಿತು. ವಾಂತಿಭೇದಿಯ ರೋಗಾಣುಗಳೆಲ್ಲ ಕೋಶದೊಳಗೆ ಅಡಗುವಂಥವಲ್ಲ. ಆದರೆ ಅವು ಬಂದ ದಾರಿಯಲ್ಲಿಯೇ ವಿಷಮಶೀತಜ್ವರವೂ ಬರುತ್ತದೆ. ನೀರನ್ನು ಕುದಿಸಿದರೆ ಸಾಲ್ಮೊನೆಲ್ಲ ಸಾಯುತ್ತದೆ. ಶೌಚದ ಬಳಿಕ, ಊಟದ ಮುಂಚೆ ಸಾಬೂನಿನಿಂದ ಕೈ ತೊಳೆದರೆ ಅದರ ದಾರಿ ಕಡಿಯುತ್ತದೆ. ಕುಡಿಯುವ ನೀರಿನ ಕೊಳವೆ ಚರಂಡಿಯಲ್ಲಿ ಹಾದುಹೋಗದಂತೆ, ನೀರಿನ ತೊಟ್ಟಿಯನ್ನು ಕಾಲಕಾಲಕ್ಕೆ ತೊಳೆಯುವಂತೆ ಕೇಳುವುದು ಊರಿನವರ ಹಕ್ಕು. ನೋಡಿಕೊಳ್ಳುವುದು ಆಡಳಿತದ ಕರ್ತವ್ಯ.

ಎರಡನೆಯ ಹೊಣೆ ಔಷಧದ್ದು. ಕೋಶದೊಳಗೆ ಅಡಗಿದ ವೈರಿಯನ್ನು ಔಷಧವು ಒಂದೆರಡು ದಿನಗಳಲ್ಲಿ ಹುಡುಕಿ ಮುಗಿಸಲಾರದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಔಷಧ ನುಂಗಬೇಕಾದುದರ ಒಂದು ಕಾರಣ ಇದೇ. ಐಸೊನಿಯಾಜಿಡ್, ಪೈರಜಿನಮೈಡ್ ಎಂಬ ಕ್ಷಯದ ಔಷಧಗಳು ಬ್ಯಾಕ್ಟೀರಿಯದ ಮೇಲೆ ಎರಗುವುದರ ಜೊತೆಗೆ ಸೋಂಕು ತಗುಲಿದ ಕೋಶದ ಸ್ವಭಕ್ಷಣೆಯನ್ನೂ ಎಚ್ಚರಿಸುತ್ತವೆಂದು 2012ರ ಒಂದು ಸಂಶೋಧನೆ ತಿಳಿಸಿತು. ಹೊರಗಿನ ಔಷಧ, ಒಳಗಿನ ಕಾವಲು ಇವೆರಡೂ ಕೈಗೂಡಿಸಿ ದುಡಿಯುತ್ತವೆ. ದುಡಿಮೆಯನ್ನು ಅರಸಿ ದೇವದುರ್ಗದಂಥ ತಾಲ್ಲೂಕುಗಳಿಂದ ಎಷ್ಟೋ ಕುಟುಂಬಗಳು ಬೆಂಗಳೂರು ಮೊದಲಾದ ನಗರಗಳಿಗೆ ಗುಳೆ ಹೋಗುತ್ತವೆ. ಕೆಮ್ಮು ನಿಂತಿತೆಂದು, ಊರು ಬಿಟ್ಟೆವೆಂದು ನಡುವೆಯೇ ಔಷಧ ನಿಲ್ಲಿಸಿದರೆ ಉಳಿದ ಬ್ಯಾಕ್ಟೀರಿಯಗಳು ಔಷಧಕ್ಕೆ ಬಗ್ಗದಂತಾಗಿ ಮತ್ತೆ ತಲೆಯೆತ್ತಬಹುದು. ಊರು ಬದಲಾದರೂ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯನ್ನು ಮುಂದುವರಿಸಬಹುದು. ಪರೀಕ್ಷೆಗೂ ಔಷಧಕ್ಕೂ ಹಣ ಕೊಡಬೇಕಾಗಿಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮಿರುವವರು ಮನೆಯಲ್ಲಿದ್ದರೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಮಾತನ್ನು ಮೊದಲು ಎತ್ತಬೇಕಾದವರು ಈ ವಿಷಯವನ್ನು ಓದಿ ತಿಳಿದ ಮಕ್ಕಳೇ.

ಜೀವಕೋಶಕ್ಕೆ ಬೇರೆ ಆಯುಧಶಾಲೆಯಿಲ್ಲವೆಂದಲ್ಲ. ಆದರೆ ದಿನನಿತ್ಯ ತನ್ನ ಮನೆಯನ್ನು ಗುಡಿಸಿ ಒಪ್ಪಗೊಳಿಸುವ ಕೈಯಿಂದಲೇ ಅದು ಕಷ್ಟಕಾಲದಲ್ಲಿ ವೈರಿಯನ್ನೂ ಹಿಡಿಯುತ್ತದೆಂಬುದು ನೆನೆದಷ್ಟೂ ಆಶ್ಚರ್ಯ ತರುವ ಸಂಗತಿ. ನಮ್ಮ ಅರಿವಿಗೆ ಬಾರದೆ, ನಮ್ಮ ಅಪ್ಪಣೆಗೆ ಕಾಯದೆ, ನಾವು ಮಲಗಿರುವಾಗಲೂ ಆ ಕೆಲಸ ನಡೆದಿರುತ್ತದೆ. ಅದು ನಮ್ಮಿಂದ ಬಯಸುವುದು ಹೊಟ್ಟೆತುಂಬ ಊಟ, ಶುದ್ಧವಾದ ನೀರು, ರೋಗ ಬಂದಾಗ ಕೊನೆಯವರೆಗೆ ಔಷಧ ಇಷ್ಟನ್ನು ಮಾತ್ರ. ಈ ಮೂರೂ ದೊರೆತ ಮಗು ರಾಯಚೂರಿನ ಬೀದಿಯಲ್ಲಿರಲಿ, ಮಾನ್ವಿಯ ಕಾಲುವೆಯ ಬದಿಯಲ್ಲಿರಲಿ, ಅದರ ಮೈಯೊಳಗಿನ ಕಾವಲು ತನ್ನ ಪಾಲಿನ ಕೆಲಸವನ್ನು ತಾನು ಮಾಡಿಕೊಂಡು ಹೋಗುತ್ತದೆ.